ಬ್ಯಾಟರಿಗೆ ಬೋರಿನ ನೀರು ಬ್ಯಾಡ ಕಾಕಾ!

ಯಲಬುರ್ಗಾ ತಾಲ್ಲೂಕಿನ ನಮ್ಮ ಹೊಲದ ಮನೆಗೆ ಲೈನ್ ಕರೆಂಟ್ ಬಂದಿಲ್ಲ. ಮಾಳಿಗೆ ಮೇಲೊಂದು ಸೋಲಾರ್ ಪ್ಯಾನೆಲ್, ಒಳಗೊಂದು ಟ್ಯೂಬುಲರ್ ಬ್ಯಾಟರಿ. ತಂಗಿಯ ಎಸ್ಸೆಸ್ಸೆಲ್ಸಿ ಓದು, ಅವ್ವನ ರಾತ್ರಿ ಅಡುಗೆ ಎಲ್ಲ ಅದರ ಮೇಲೆಯೇ. ಎಲೆಕ್ಟ್ರಿಷಿಯನ್ ಐಟಿಐ ಮಾಡಿದ್ದರಿಂದ ಅದರ ಉಸ್ತುವಾರಿ ನನ್ನದು.

ಪಕ್ಕದ ಹೊಲದ ಕಾಕಾನ ಬ್ಯಾಟರಿ ಎರಡನೇ ಬೇಸಿಗೆಗೇ ಮಲಗಿತು. ಕಡಲೆ ಮಾರಿದ ದುಡ್ಡು ಹೊಸದಕ್ಕೆ ಹೋಯಿತು. ಕೇಳಿದರೆ, 'ಬೋರಿನ ನೀರು ಹಾಕ್ತಿದ್ದೆ ತಮ್ಮಾ. ನೀರಂದ್ರ ನೀರು, ಅದರಾಗ ಬ್ಯಾರೆ ಏನೈತಿ?' ಎಂದರು.

ಐತಿ! ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ಚಾರ್ಜ್ ಆಗುವಾಗ ಬ್ಯಾಟರಿಯ ನೀರು ಅನಿಲವಾಗಿ ಹೋಗುತ್ತದೆ, ಲವಣ ಒಳಗೇ ಉಳಿಯುತ್ತದೆ. ಪ್ರತಿ ಸಲ ಹಾಕಿದಾಗಲೂ ಅದು ಹೆಚ್ಚುತ್ತಾ ಹೋಗಿ ಸೀಸದ ಪ್ಲೇಟ್ ಹಾಳಾಗುತ್ತದೆ. ಗಂಗಾವತಿಯ ಕಾಲುವೆ ನೀರು ಸಿಹಿಯೆಂದು ಅದನ್ನೂ ಹಾಕಬೇಡಿ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮಾತ್ರ ಸರಿ.

ಅಮಾವಾಸ್ಯೆಗೆ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಆ ದಿನ ಬ್ಯಾಟರಿಯ ಪಾಳಿ. ಫ್ಲೋಟ್ ಕೆಂಪು ಗೆರೆಗೆ ಇಳಿದಿದ್ದರೆ ಹಸಿರು ಗೆರೆಯವರೆಗೆ ನೀರು ಹಾಕುತ್ತೇನೆ, ಮೇಲಕ್ಕಲ್ಲ. ಆಸಿಡ್ ಹಾಕುವುದಂತೂ ಬೇಡ; ಕಡಿಮೆಯಾಗುವುದು ನೀರು ಮಾತ್ರ. ವೈರ್ ಬಿಚ್ಚಿ, ಟರ್ಮಿನಲ್ ಮೇಲಿನ ಪುಡಿಯನ್ನು ಅಡುಗೆ ಸೋಡಾ ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಬಿಗಿದು ವ್ಯಾಸಲಿನ್ ಹಚ್ಚುತ್ತೇನೆ. ಪ್ಯಾನೆಲ್ ಧೂಳನ್ನೂ ತೊಳೆಯುತ್ತೇನೆ. ಧೂಳು ಕೂತರೆ ಬ್ಯಾಟರಿ ಪೂರ್ತಿ ತುಂಬುವುದಿಲ್ಲ.

ಇನ್ನೊಂದು ಶತ್ರು ಸೆಕೆ. 25 ಡಿಗ್ರಿಗಿಂತ 10 ಡಿಗ್ರಿ ಹೆಚ್ಚಾದರೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಮ್ಮ ಬೇಸಿಗೆ 40 ದಾಟುತ್ತದೆ! ಹಾಗಾಗಿ ತಗಡಿನ ಶೆಡ್‌ನಿಂದ ಗಾಳಿಯಾಡುವ ಮಣ್ಣಿನ ಗೋಡೆಯ ಪಡಸಾಲೆಗೆ ತಂದಿಟ್ಟೆವು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಅದರ ಹತ್ತಿರ ಬೀಡಿ, ಬೆಂಕಿಕಡ್ಡಿ ನಿಷಿದ್ಧ.

ರಾತ್ರಿಯೆಲ್ಲ ಫ್ಯಾನ್, ಟಿ.ವಿ. ಓಡಿಸಿ ಪೂರ್ತಿ ಖಾಲಿ ಮಾಡುವುದೂ ತಪ್ಪು. ಅರ್ಧಕ್ಕಿಂತ ಕೆಳಗಿಳಿಸದಿದ್ದರೆ ಒಳ್ಳೆಯದು. ಖಾಲಿಯಾಗಿ ಹಾಗೇ ಉಳಿದರೆ ಪ್ಲೇಟ್ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಬಿಸಿಲಿದ್ದರೂ ತುಂಬುವುದಿಲ್ಲ. ಮೋಡದ ದಿನ ನಮ್ಮಲ್ಲಿ ಓದುವ ದೀಪ ಮತ್ತು ಅಡುಗೆಮನೆ ದೀಪ, ಎರಡಕ್ಕೇ ಅವಕಾಶ.

ನಮ್ಮ ಬ್ಯಾಟರಿಗೀಗ ಆರನೇ ವರ್ಷ. ಕಾಕಾ ಮೊನ್ನೆ ಕೊಪ್ಪಳಕ್ಕೆ ಹೋದವರು ಡಿಸ್ಟಿಲ್ಡ್ ವಾಟರಿನ ಎರಡು ಕ್ಯಾನ್ ತಂದರು. ಒಂದು ನಮಗಂತೆ!