ಬೀಗದಕೈ ಕಳೆದುಕೊಂಡ ಆಟ

ಮೈಸೂರಿನ ಸರಸ್ವತಿಪುರಂನಿಂದ ಓದುಗರೊಬ್ಬರು ಬರೆದಿದ್ದಾರೆ. ಒಂಬತ್ತನೇ ತರಗತಿಯ ಮಗನಿಗೆ ಸೋದರಮಾವ ಹೊರದೇಶದಿಂದ ಒಂದು ಗೇಮ್ ಯಂತ್ರ ತಂದುಕೊಟ್ಟಿದ್ದರು, ಕೈಯಲ್ಲಿ ಹಿಡಿದು ಆಡುವಂಥದ್ದು. ಅದು ಆಗಾಗ ನಿಂತುಹೋಗುತ್ತಿತ್ತು. ರೀಸೆಟ್ ಮಾಡಿದರೆ ಸರಿಹೋಗುತ್ತದೆ ಎಂದು ಗೆಳೆಯ ಹೇಳಿದ, ಹುಡುಗ ಮಾಡಿದ. ಯಂತ್ರವೇನೋ ಸರಿಹೋಯಿತು, ಬೇಸಿಗೆ ರಜೆಯಿಡೀ ಆಡಿ ಗಳಿಸಿದ್ದೆಲ್ಲ ಮಾಯವಾಯಿತು. ಊಟಕ್ಕೆ ಕೂತರೂ ಹುಡುಗನ ಮುಖ ಬಾಡಿಯೇ ಇದೆಯಂತೆ. ರಿಪೇರಿ ಅಂಗಡಿಯವರೊಬ್ಬರು, ‘ಡೇಟಾ ಎಲ್ಲೂ ಹೋಗಿರಲ್ಲ ಮೇಡಂ, ಒಳಗೇ ಇರುತ್ತೆ, ತೆಗೆದುಕೊಡ್ತೀವಿ, ಸ್ವಲ್ಪ ಮುಂಗಡ ಕೊಡಿ’ ಅಂದರಂತೆ. ಕೊಡಬಹುದೇ ಎಂಬುದು ತಾಯಿಯ ಪ್ರಶ್ನೆ.

ಅಂಗಡಿಯವರ ಮಾತನ್ನು ಎರಡು ಮಾಡಿ ನೋಡಬೇಕು. ‘ಒಳಗೇ ಇರುತ್ತೆ’ ಎನ್ನುವುದು ಎಷ್ಟೋ ಸಲ ನಿಜ. ‘ತೆಗೆದುಕೊಡ್ತೀವಿ’ ಎನ್ನುವುದು ಬಹುಪಾಲು ಸುಳ್ಳು. ಇದ್ದೂ ಇಲ್ಲದಂತಾಗುವುದು ಹೇಗೆ ಎಂಬುದೇ ಈ ವಿಷಯದಲ್ಲಿ ನನಗೆ ಬಲು ಇಷ್ಟವಾದ ಭಾಗ.

ಆಟದ ಯಂತ್ರಗಳಿಗೆ ಮೊದಲಿನಿಂದಲೂ ಮರೆವಿನ ರೋಗ. ತೊಂಬತ್ತರ ದಶಕದಲ್ಲಿ ನಮ್ಮ ದಸರಾ ವಸ್ತುಪ್ರದರ್ಶನದಿಂದ ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುತ್ತಿದ್ದ ಬ್ರಿಕ್ ಗೇಮ್ ನೆನಪಿರಬಹುದು. ಸೆಲ್ ಬದಲಿಸಿದರೆ ಹೈ ಸ್ಕೋರ್ ಸೊನ್ನೆ. ಜಪಾನಿನಲ್ಲಿ 1986ರಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಟಿವಿ ಆಟದಲ್ಲೂ ನೆನಪಿಡುವ ಚಿಪ್ ಇರಲಿಲ್ಲ. ಅದನ್ನು ಮಾಡಿದವರ ಉಪಾಯ ಸೊಗಸಾಗಿತ್ತು. ಆಟ ನಿಲ್ಲಿಸುವಾಗ ಯಂತ್ರ ಇಪ್ಪತ್ತು ಜಪಾನಿ ಅಕ್ಷರಗಳ ಒಂದು ‘ಮರುಜೀವ ಮಂತ್ರ’ವನ್ನು ತೆರೆಯ ಮೇಲೆ ತೋರಿಸುತ್ತಿತ್ತು. ಆಟಗಾರನ ಹೆಸರು, ಚಿನ್ನ, ಆಯುಧ ಎಲ್ಲವೂ ಲೆಕ್ಕದ ರೂಪದಲ್ಲಿ ಆ ಇಪ್ಪತ್ತು ಅಕ್ಷರಗಳಲ್ಲೇ ಅಡಗಿರುತ್ತಿದ್ದವು. ಮಗು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಮರುದಿನ ಹಾಗೇ ಒತ್ತಬೇಕು. ಎರಡನೇ ಭಾಗದಲ್ಲಿ ಮಂತ್ರ 52 ಅಕ್ಷರದವರೆಗೂ ಬೆಳೆಯಿತು. ಒಂದಕ್ಷರ ತಪ್ಪಿದರೂ ಫಲವಿಲ್ಲ. ನಮ್ಮ ವೈದಿಕರೂ ಮೆಚ್ಚುವಷ್ಟು ಶಿಸ್ತು!

ಆಮೇಲೆ ಬಂದದ್ದು ಬ್ಯಾಟರಿ. ನಾವೆಲ್ಲ ‘ಕ್ಯಾಸೆಟ್’ ಎನ್ನುತ್ತಿದ್ದ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸಣ್ಣ ಚಿಪ್, ಅದನ್ನು ಎಚ್ಚರವಾಗಿಡಲು 3 ವೋಲ್ಟಿನ ಗುಂಡಿ ಬ್ಯಾಟರಿ. 1989ರ ಗೇಮ್ ಬಾಯ್ ಯಂತ್ರದ ಪೋಕೆಮಾನ್ ಆಟಗಳಲ್ಲಿ ಇಂಥದ್ದೇ ವ್ಯವಸ್ಥೆ. ಆಟಗಾರ ಕೂಡಿಟ್ಟ ಸಮಸ್ತವೂ 32 ಕಿಲೋಬೈಟ್‌ನಲ್ಲಿ ಮುಗಿಯುತ್ತಿತ್ತು. ಇವತ್ತು ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಶುಭೋದಯ’ದ ಚಿತ್ರಕ್ಕೇ ಅದಕ್ಕಿಂತ ಹೆಚ್ಚು ಜಾಗ ಬೇಕು. 1999ರ ಪೋಕೆಮಾನ್ ‘ಗೋಲ್ಡ್’ ಮತ್ತು ‘ಸಿಲ್ವರ್’ ಆಟಗಳಲ್ಲಿ ಅದೇ ಬ್ಯಾಟರಿಯಿಂದ ಒಂದು ಗಡಿಯಾರವನ್ನೂ ಓಡಿಸಿದರು. ಹಾಗಾಗಿ ಅವುಗಳ ಬ್ಯಾಟರಿ ಬೇಗ ಸಾಯುತ್ತದೆ, ಅದರೊಂದಿಗೆ ಸೇವ್, ಅಂದರೆ ಆಟಗಾರ ಕೂಡಿಟ್ಟದ್ದು ಕೂಡ. ಹಾಗೆ ಹೋದದ್ದನ್ನು ಯಾವ ತಂತ್ರಜ್ಞನೂ ತರಲಾರ. ವಿದ್ಯುತ್ತು ನಿಂತ ಮೇಲೆ ಆ ಚಿಪ್ಪಿನಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ಮನೆಯ ಅಟ್ಟದಲ್ಲಿ ಅಂಥ ಕ್ಯಾಸೆಟ್ ಇದ್ದು ಇನ್ನೂ ಜೀವ ಇದ್ದರೆ, ಬ್ಯಾಟರಿ ಬದಲಿಸುವ ಮೊದಲು ಕ್ಯಾಸೆಟ್ ಓದುವ ಸಾಧನದಿಂದ ಸೇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹೊಸ ಬ್ಯಾಟರಿ ಬೆಸುಗೆ ಹಾಕಿದ ಮೇಲೆ ವಾಪಸ್ ತುಂಬಬಹುದು.

ಈಗಿನ ಯಂತ್ರಗಳದ್ದು ಫ್ಲ್ಯಾಶ್ ಮೆಮೊರಿ. ಇದರ ಬೀಜ ಬಿದ್ದದ್ದು 1967ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಡಾವನ್ ಕಾಂಗ್ ಮತ್ತು ಸೈಮನ್ ಸ್ಜೀ ಎಂಬಿಬ್ಬರು ಟ್ರಾನ್ಸಿಸ್ಟರಿನೊಳಗೆ ಸುತ್ತಲೂ ನಿರೋಧಕ ಇರುವ ಒಂದು ಒಂಟಿ ತುಣುಕನ್ನು ಕೂರಿಸಿದರು. 1984ರಲ್ಲಿ ತೋಷಿಬಾದ ಫ್ಯೂಜಿಯೊ ಮಸುವೊಕ ಆ ಉಪಾಯವನ್ನು ಫ್ಲ್ಯಾಶ್ ಆಗಿ ಬೆಳೆಸಿ ಲೋಕಕ್ಕೆ ತೋರಿಸಿದರು. ಒಳಗೆ ನಡೆಯುವುದು ಇಷ್ಟೇ: ಹೆಚ್ಚು ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನುಗಳು ತೆಳ್ಳನೆಯ ನಿರೋಧಕ ಗೋಡೆಯನ್ನು ತೂರಿಕೊಂಡು ಒಳಗೆ ಹೋಗಿ ಕೂರುತ್ತವೆ. ವಿದ್ಯುತ್ತು ನಿಂತರೂ ವರ್ಷಗಟ್ಟಲೆ ಹೊರಬರುವುದಿಲ್ಲ. ಹುಡುಗ ಸೋಲಿಸಿದ ರಾಕ್ಷಸ, ಗೆದ್ದ ಕತ್ತಿ ಎಲ್ಲವೂ ಸಿಕ್ಕಿಬಿದ್ದ ಎಲೆಕ್ಟ್ರಾನುಗಳೇ.

ಫ್ಲ್ಯಾಶ್‌ಗೆ ಒಂದು ವಿಚಿತ್ರ ಗುಣವಿದೆ. ಬರೆದ ಜಾಗದ ಮೇಲೆಯೇ ಮತ್ತೆ ಬರೆಯಲು ಅದಕ್ಕೆ ಬಾರದು. ಮೊದಲು ಅಳಿಸಬೇಕು, ಅಳಿಸುವುದೂ ಒಂದೊಂದೇ ಅಕ್ಷರವನ್ನಲ್ಲ, ದೊಡ್ಡ ದೊಡ್ಡ ಬ್ಲಾಕುಗಳನ್ನು ಇಡಿಯಾಗಿ. ಅದು ನಿಧಾನದ ಕೆಲಸ, ಮೇಲಾಗಿ ಪ್ರತಿ ಅಳಿಸುವಿಕೆಗೂ ಚಿಪ್ ಸವೆಯುತ್ತದೆ. ಆದ್ದರಿಂದ ‘ಡಿಲೀಟ್’ ಎಂದಾಗ ಯಂತ್ರ ಸಾಮಾನ್ಯವಾಗಿ ಫೈಲನ್ನು ಮುಟ್ಟುವುದೇ ಇಲ್ಲ. ಪಟ್ಟಿಯಿಂದ ಅದರ ಹೆಸರು ಹೊಡೆದುಹಾಕಿ ಸುಮ್ಮನಾಗುತ್ತದೆ. ಆ ಜಾಗ ಬೇರೆಯದಕ್ಕೆ ಬೇಕಾದಾಗ ಅಳಿಸಿದರಾಯಿತು ಎಂಬ ಧೋರಣೆ.

ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯದ ಓಲೆಗರಿಗಳನ್ನು ನೋಡಿದವರಿಗೆ ಇದು ಹೊಸದೆನಿಸದು. ಓಲೆಗರಿಯ ಮೇಲೆ ಮೊದಲು ಕಂಟದಿಂದ ಗೀರಿ ಬರೆಯುತ್ತಾರೆ, ಆಮೇಲೆ ಮಸಿ ಸವರಿ ಒರೆಸುತ್ತಾರೆ. ಕಾಲ ಕಳೆದು ಮಸಿ ಮಾಸಿದರೆ ಗರಿ ಬರೀ ಬೋಳು. ಆದರೆ ಗೀರು ಅಲ್ಲೇ ಇರುತ್ತದೆ, ಮತ್ತೆ ಮಸಿ ಸವರಿದರೆ ಅಕ್ಷರ ಎದ್ದುಬರುತ್ತದೆ. ಪೆನ್‌ಡ್ರೈವ್, ಕ್ಯಾಮೆರಾದ ಕಾರ್ಡುಗಳಿಂದ ಅಳಿಸಿದ ಫೋಟೊಗಳನ್ನು ‘ಫೋಟೊರೆಕ್’‌ನಂಥ ಉಚಿತ ತಂತ್ರಾಂಶ ಎಬ್ಬಿಸುವುದು ಹೀಗೆಯೇ. ಅಳಿಸಿದ್ದೆಲ್ಲ ಎಲ್ಲೋ ಇದ್ದೇ ಇರುತ್ತದೆ ಎಂಬ ಜನರ ನಂಬಿಕೆ ಹುಟ್ಟಿದ್ದೂ ಇಲ್ಲಿಂದಲೇ.

ಆ ನಂಬಿಕೆಗೆ ಕೊಡಲಿಪೆಟ್ಟು ಕೊಟ್ಟದ್ದು ಎನ್‌ಕ್ರಿಪ್ಷನ್. ನಿಂಟೆಂಡೊದ 2011ರ 3ಡಿಎಸ್ ಯಂತ್ರವನ್ನೇ ನೋಡಿ. ಡೌನ್‌ಲೋಡ್ ಮಾಡಿಕೊಂಡ ಆಟಗಳ ಸೇವ್ ಅದರಲ್ಲಿ ಎಸ್‌ಡಿ ಕಾರ್ಡಿನಲ್ಲಿರುತ್ತದೆ, ಹೊರತೆಗೆದು ಕೈಯಲ್ಲಿ ಹಿಡಿಯಬಹುದಾದ ಕಾರ್ಡು. ಆಟಗಳಿಗಾಗಿ ಅದರ ಮೇಲೆ ಬರೆಯುವುದನ್ನೆಲ್ಲ ಯಂತ್ರ ತನ್ನೊಳಗಿರುವ, ತನಗೆ ಮಾತ್ರ ಸೇರಿದ ಒಂದು ಗುಟ್ಟಿನ ಕೀಲಿಯಿಂದ ಕಲಸಿ ಬರೆಯುತ್ತದೆ. ಯಂತ್ರವನ್ನು ಫಾರ್ಮ್ಯಾಟ್ ಮಾಡಿದಿರೋ, ಹಳೆಯ ಕೀಲಿ ಹೋಗಿ ಹೊಸ ಕೀಲಿ ಹುಟ್ಟುತ್ತದೆ. ಮೊದಲೇ ಕಾರ್ಡ್ ತೆಗೆದು ಜೋಪಾನವಾಗಿ ಇಟ್ಟಿದ್ದರೂ ಉಪಯೋಗವಿಲ್ಲ. ಆಟ ಕಾರ್ಡಿನಲ್ಲಿ ಒಂದು ಬಿಟ್ಟೂ ಕೆಡದೆ ಕೂತಿರುತ್ತದೆ, ಅದನ್ನು ಬರೆದ ಯಂತ್ರವೇ ಅದನ್ನು ಓದಲಾರದು.

ಆ ಕೀಲಿಯ ಗಾತ್ರ ಹದಿನಾರು ಬೈಟ್, ಅಂದರೆ 128 ಬಿಟ್. ಇರಬಹುದಾದ ಕೀಲಿಗಳ ಸಂಖ್ಯೆಯನ್ನು ಬರೆದರೆ 39 ಅಂಕಿ ಬರುತ್ತದೆ. ಸೆಕೆಂಡಿಗೆ ನೂರು ಕೋಟಿ ಕೀಲಿ ಹಾಕಿ ನೋಡಬಲ್ಲ ಕಂಪ್ಯೂಟರುಗಳು ನೂರು ಕೋಟಿ ಇವೆ ಎಂದುಕೊಳ್ಳಿ. ಅವೆಲ್ಲ ಹಗಲಿರುಳು ದುಡಿದರೂ ಎಲ್ಲ ಕೀಲಿಗಳನ್ನು ನೋಡಿ ಮುಗಿಸಲು ಸುಮಾರು ಹತ್ತು ಲಕ್ಷ ಕೋಟಿ ವರ್ಷ ಬೇಕು. ವಿಶ್ವಕ್ಕೆ ಈಗ ಆಗಿರುವ ವಯಸ್ಸು 1,380 ಕೋಟಿ ವರ್ಷ. ಓಲೆಗರಿಯ ಮಾತು ಬೇರೆ: 1905ರಲ್ಲಿ ಇದೇ ಮೈಸೂರಿನಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಗರಿ ಎಷ್ಟೇ ಹಳೆಯದಾದರೂ ಗ್ರಂಥಲಿಪಿ ಬಲ್ಲವರಿದ್ದರು, ಓದಿದರು. ಕೀಲಿ ಹೋದ ಸೇವಿಗೆ ಅಂಥ ಪಂಡಿತರು ಹುಟ್ಟುವುದಿಲ್ಲ.

ಈಗಿನ ಆಂಡ್ರಾಯ್ಡ್ ಫೋನುಗಳ ರೀಸೆಟ್ ಕೂಡ ಹೀಗೆಯೇ. ಇಡೀ ಸಂಗ್ರಹವನ್ನು ಉಜ್ಜಿ ತೊಳೆಯುವ ಬದಲು ಕೀಲಿಯನ್ನು ನಾಶಮಾಡಿದರೆ ಕ್ಷಣದಲ್ಲಿ ಕೆಲಸ ಮುಗಿಯಿತು. ಇದು ಕ್ರೌರ್ಯ ಅನ್ನಿಸಿದರೆ, ನೀವು ಮಾರಿದ ಹಳೆಯ ಫೋನು ಯಾರ ಕೈಯಲ್ಲಿದೆ ಎಂದು ಒಮ್ಮೆ ಯೋಚಿಸಿ. ಅಲ್ಲಿ ನಿಮ್ಮ ಮಾನ ಕಾಯುವ ಉಪಾಯವೇ ಇಲ್ಲಿ ಹುಡುಗನನ್ನು ಅಳಿಸಿದ್ದು.

ಈ ನಡುವೆ ನಮ್ಮ ಜನರ ಸಲಹೆಗಳಿಗೆ ಕೊನೆಯಿಲ್ಲ. ಸ್ಪೀಕರಿನ ಪಕ್ಕ ಇಟ್ಟದ್ದಕ್ಕೇ ಅಯಸ್ಕಾಂತ ಎಳೆದು ಅಳಿಸಿಹೋಯಿತು ಎನ್ನುತ್ತಾರೆ. ಫ್ಲ್ಯಾಶ್‌ನಲ್ಲಿ ಅಯಸ್ಕಾಂತದ ಬರಹವೇ ಇಲ್ಲ, ಎಳೆಯುವುದು ಏನನ್ನು? ಅದು ಹಳೆಯ ಫ್ಲಾಪಿ, ಟೇಪುಗಳ ಕಾಲದ ಭಯ. ಇನ್ನು ಕೆಲವರು ಕ್ಯಾಸೆಟ್ಟಿಗೆ ಉಫ್ ಎಂದು ಊದುತ್ತಾರೆ. ಊದಿದ್ದರಿಂದ ಕೆಲಸ ಮಾಡಿತು ಎನ್ನುವವರು ನಿಜವಾಗಿ ನೋಡುತ್ತಿರುವುದು ತೆಗೆದು ಮತ್ತೆ ಹಾಕಿದ್ದರ ಫಲವನ್ನು. ಬಾಯಿಯ ತೇವದಿಂದ ಲೋಹದ ಪಟ್ಟಿ ಕಿಲುಬು ಹಿಡಿಯುವುದೊಂದೇ ಲಾಭ. ಆಯುಧಪೂಜೆಯ ದಿನ ಗೇಮ್ ಯಂತ್ರಕ್ಕೂ ಕುಂಕುಮ ಹಚ್ಚುವ ಮನೆಗಳನ್ನು ನಾನು ಕಂಡಿದ್ದೇನೆ. ಪೂಜೆ ಮಾಡಿ, ಸಂತೋಷ. ಕುಂಕುಮದ ಪುಡಿ ಕಾರ್ಡಿನ ಸಂದಿಗೆ ಹೋಗದಂತೆ ಮಾಡಿ.

ಹಾಗಾದರೆ ಆಸೆಯೇ ಇಲ್ಲವೇ? ಇದೆ, ಸೇವ್ ಎಲ್ಲಿತ್ತು ಎಂಬುದರ ಮೇಲೆ. ಚೀನಾದಿಂದ ಬರುವ, ಹಳೆಯ ಆಟಗಳನ್ನು ಆಡಿಸುವ ಅಗ್ಗದ ಯಂತ್ರವಾದರೆ ಸೇವ್ ಸಾಮಾನ್ಯವಾಗಿ ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ ಬರಿಯ ಫೈಲಾಗಿ ಇರುತ್ತದೆ. ಸೋನಿಯ ಹಳೆಯ ಪಿಎಸ್‌ಪಿಯಾದರೆ ಮೆಮೊರಿ ಸ್ಟಿಕ್ಕಿನಲ್ಲಿ. ಕಾರ್ಡನ್ನು ಈಗಿಂದೀಗಲೇ ಹೊರತೆಗೆಯಿರಿ, ಅದರ ಮೇಲೆ ಏನನ್ನೂ ಬರೆಯಬೇಡಿ, ಕಂಪ್ಯೂಟರ್ ಬಲ್ಲವರಿಂದ ಹುಡುಕಿಸಿ.

ನಿಂಟೆಂಡೊ ಸ್ವಿಚ್ ಆದರೆ ಸೇವ್ ಇರುವುದು ಯಂತ್ರದೊಳಗೆ. ಆಟದ ಕಾರ್ಡಿನಲ್ಲೂ ಇಲ್ಲ, ಮೈಕ್ರೋ ಎಸ್‌ಡಿಯಲ್ಲೂ ಇಲ್ಲ. ಅದರ ರಿಕವರಿ ಮೆನುವಿನಲ್ಲಿ ಸೇವ್ ಅಳಿಸದೆ ರೀಸೆಟ್ ಮಾಡುವ ಆಯ್ಕೆಯೇ ಬೇರೆ ಇದೆ, ಹುಡುಗ ಒತ್ತಿದ್ದು ಅದನ್ನಲ್ಲ ಎಂದು ಕಾಣುತ್ತದೆ. ಅದರ ಆನ್‌ಲೈನ್ ಚಂದಾ ಇದ್ದರೆ ಕ್ಲೌಡಿನಲ್ಲಿ, ಅಂದರೆ ಕಂಪನಿಯ ದೂರದ ಕಂಪ್ಯೂಟರಿನಲ್ಲಿ, ನಕಲು ಸಿಗಬಹುದು, ಚಂದಾ ಮುಗಿದು 180 ದಿನ ಆಗಿರದಿದ್ದರೂ ಸಿಗಬಹುದು. ಎಲ್ಲ ಆಟಗಳಿಗೂ ಆ ಸೌಲಭ್ಯವಿಲ್ಲ, ಪೋಕೆಮಾನ್ ‘ಸ್ವೋರ್ಡ್’ ಮತ್ತು ‘ಶೀಲ್ಡ್’ಗೆ ಇಲ್ಲವೇ ಇಲ್ಲ. ಸ್ಟೀಮ್ ಡೆಕ್ ಆದರೆ ಬಹಳಷ್ಟು ಆಟಗಳಿಗೆ ಕ್ಲೌಡ್ ಪುಕ್ಕಟೆ.

ಸರಸ್ವತಿಪುರಂನ ತಾಯಿಗೆ ಹೇಳುವುದಿಷ್ಟು. ಹುಡುಗನ ಸೋದರಮಾವನಿಗೆ ಫೋನ್ ಮಾಡಿ, ಯಂತ್ರಕ್ಕೆ ಯಾವ ಖಾತೆ ಜೋಡಿಸಿದ್ದರೆಂದು ಕೇಳಿ. ಅದೇ ಖಾತೆಯಿಂದ ಒಳಗೆ ಹೋಗಿ ಕ್ಲೌಡ್ ನೋಡುವವರೆಗೂ ಹುಡುಗ ಆಟವನ್ನು ಮೊದಲಿನಿಂದ ಶುರುಮಾಡದಿರಲಿ. ಹೊಸದಾಗಿ ಶುರುಮಾಡಿದರೆ ಯಂತ್ರ ‘ಯಾವ ಸೇವ್ ಉಳಿಸಲಿ?’ ಎಂದು ಕೇಳಿದಾಗ ಅವಸರದಲ್ಲಿ ತಪ್ಪು ಗುಂಡಿ ಒತ್ತಿ ಉಳಿದ ನಕಲನ್ನೂ ಕಳೆದುಕೊಂಡವರಿದ್ದಾರೆ. ಕ್ಲೌಡಿನಲ್ಲೂ ಇಲ್ಲದಿದ್ದರೆ ಆಟ ಹೋಯಿತು ಎಂದೇ ತಿಳಿಯಿರಿ. ಅಂಗಡಿಗೆ ಮುಂಗಡ ಮಾತ್ರ ಕೊಡಬೇಡಿ.