ಕಡಲ ಕೆಸರಿನ ಸಾಕ್ಷ್ಯ

ಜಪಾನಿನ ಕ್ಯೂಷು ದ್ವೀಪದಲ್ಲಿ ಮಿನಮಾಟ ಎಂಬ ಕೊಲ್ಲಿಯಿದೆ. 1950ರ ದಶಕದಲ್ಲಿ ಅದರ ದಡದ ಬೆಸ್ತರ ಹಳ್ಳಿಗಳಲ್ಲಿ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸಾಯತೊಡಗಿದವು. ಮನುಷ್ಯರಲ್ಲಿಯೂ ಕೈಕಾಲುಗಳ ನಡುಕ, ಮಾತಿನ ತೊದಲು, ದೃಷ್ಟಿಯ ಸಂಕೋಚ ಕಾಣಿಸಿಕೊಂಡವು. 1956ರ ಮೇ 1ರಂದು ಈ ಹೆಸರಿಲ್ಲದ ರೋಗದ ವರದಿ ಆರೋಗ್ಯ ಕಚೇರಿಯನ್ನು ಮುಟ್ಟಿತು. ಕಾರಣ ಪಾದರಸವೆಂದು ಮುಂದೆ ತಿಳಿದುಬಂದಿತು. ಅಲ್ಲಿನ ಚಿಸ್ಸೊ ಕಾರ್ಖಾನೆ 1932ರಿಂದ 1968ರ ವರೆಗೆ ಅಸಿಟಾಲ್ಡಿಹೈಡ್ ತಯಾರಿಕೆಯಲ್ಲಿ ಪಾದರಸದ ಲವಣವನ್ನು ಕ್ರಿಯಾವರ್ಧಕವಾಗಿ ಬಳಸಿ, ಹೊಲಸು ನೀರನ್ನು ಕಡಲಿಗೆ ಬಿಡುತ್ತಿತ್ತು. 1959ರಲ್ಲಿ ಕಾಲುವೆಯ ಬಾಯಿಯಲ್ಲಿ ತೆಗೆದ ಕೆಸರಿನಲ್ಲಿ ಟನ್ನಿಗೆ ಸುಮಾರು 2 ಕಿಲೋಗ್ರಾಂ ಪಾದರಸವಿತ್ತು!

ನೀರಿರುವಾಗ ಕೆಸರನ್ನೇಕೆ ಪರೀಕ್ಷಿಸಬೇಕು? ಪ್ರತಿ ಉಬ್ಬರವಿಳಿತಕ್ಕೂ ನೀರು ಬದಲಾಗುತ್ತದೆ. ಅದರಲ್ಲಿದ್ದ ಪಾದರಸ, ಸೀಸ, ಕ್ಯಾಡ್ಮಿಯಮ್ ಮೊದಲಾದ ಭಾರಲೋಹಗಳಾದರೋ ಜೇಡಿಯ ಸೂಕ್ಷ್ಮ ಕಣಗಳಿಗೆ ಅಂಟಿ ತಳ ಸೇರುತ್ತವೆ. ವರ್ಷವರ್ಷವೂ ಪದರದ ಮೇಲೆ ಪದರ ಕೂಡುತ್ತದೆ.

ಆದರೆ ಲೋಹವಿಲ್ಲದ ಮಣ್ಣು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಸಾಧಾರಣ ಜೇಡಿಶಿಲೆಯಲ್ಲಿಯೇ ದಶಲಕ್ಷಕ್ಕೆ 20 ಪಾಲು ಸೀಸವೂ ನೂರಕ್ಕೆ 8 ಪಾಲು ಅಲ್ಯೂಮಿನಿಯಮ್ಮೂ ಇರುತ್ತವೆ. ಒಂದು ಲೆಕ್ಕ ಮಾಡಿ ನೋಡೋಣ. ಮರಳುಗೆಸರೊಂದರಲ್ಲಿ ದಶಲಕ್ಷಕ್ಕೆ 20 ಪಾಲು ಸೀಸ, ಜೇಡಿಗೆಸರೊಂದರಲ್ಲಿ 40 ಪಾಲು ಇದೆಯೆಂದು ಭಾವಿಸಿರಿ. ಎರಡನೆಯದೇ ಹೆಚ್ಚು ಮಲಿನವೆಂದು ಯಾರಿಗಾದರೂ ತೋರುತ್ತದೆ. ಅವಸರ ಬೇಡ. ಅಲ್ಯೂಮಿನಿಯಮ್ ಹೆಚ್ಚಾಗಿ ಜೇಡಿಯಿಂದಲೇ ಬರುವುದರಿಂದ ಅದು ಜೇಡಿಯ ಅಂಶಕ್ಕೆ ಅಳತೆಗೋಲು. ಮರಳುಗೆಸರಿನಲ್ಲಿ ಅದು ನೂರಕ್ಕೆ 2, ಜೇಡಿಗೆಸರಿನಲ್ಲಿ 8 ಇದ್ದರೆ, ಅದರ ಒಂದೊಂದು ಪಾಲಿಗೆ ಬರುವ ಸೀಸ ಕ್ರಮವಾಗಿ 10 ಮತ್ತು 5. ಜೇಡಿಶಿಲೆಯಲ್ಲಿ ಇದು 2.5 ಮಾತ್ರ. ಅಂದರೆ ಮರಳುಗೆಸರು ನಾಲ್ಕು ಮಡಿ, ಜೇಡಿಗೆಸರು ಎರಡು ಮಡಿ ಸಮೃದ್ಧ. ಕಡಿಮೆ ಸೀಸವುಳ್ಳದ್ದೇ ಹೆಚ್ಚು ಕೆಟ್ಟಿದೆ!

ಎಲ್ಲೋ ಇರುವ ಜೇಡಿಶಿಲೆಗಿಂತ ಆ ಕಡಲಿನದೇ ಹಳೆಯ ಕೆಸರು ಉತ್ತಮ ಹೋಲಿಕೆ ಎಂಬುದು ನಮ್ಮ ಅಭಿಪ್ರಾಯ. ಕೊಳವೆಯನ್ನು ತಳಕ್ಕೆ ಇಳಿಸಿ ಕೆಸರಿನ ಕಂಬವನ್ನೇ ಎತ್ತಬಹುದು. ಅದರ ವಯಸ್ಸನ್ನು ಹೇಳುವುದು ಭೌತವಿಜ್ಞಾನದ ಕೆಲಸ. ನೆಲದಿಂದ ಹೊರಡುವ ರೇಡಾನ್ ಅನಿಲ ಗಾಳಿಯಲ್ಲಿ ಕ್ಷಯಿಸುತ್ತ ಸೀಸ-210 ಆಗಿ ಕಡಲಿಗೆ ಬೀಳುತ್ತದೆ. ಈ ವಿಕಿರಣಪಟು ಸೀಸ ಸುಮಾರು 22 ವರ್ಷಗಳಿಗೊಮ್ಮೆ ಅರ್ಧವಾಗುವುದರಿಂದ, ಯಾವ ಪದರದಲ್ಲಿ ಎಷ್ಟು ಉಳಿದಿದೆಯೆಂದು ನೋಡಿ ಸುಮಾರು ನೂರು ವರ್ಷಗಳ ಇತಿಹಾಸವನ್ನು ಓದಬಹುದು. ತಳದ ಹುಳುಗಳು ಪದರಗಳನ್ನು ಕಲಕಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಮನುಷ್ಯನು ಎಷ್ಟು ಸೇರಿಸಿದನೆಂಬುದು ಹೀಗೆ ತಿಳಿಯುತ್ತದೆ. ಅದರಿಂದ ಎಷ್ಟು ಕೇಡೆಂಬುದು ಬೇರೆ ಪ್ರಶ್ನೆ. ಮಿನಮಾಟದಲ್ಲಿ ಉಬ್ಬರವಿಳಿತದ ಎತ್ತರ, ಕೆಸರಿನಿಂದ ಪಾದರಸ ನೀರಿಗೆ ಬಿಡುವ ಪ್ರಮಾಣ ಮುಂತಾದುವನ್ನು ಗಣಿಸಿ, ದಶಲಕ್ಷಕ್ಕೆ 25 ಪಾಲೆಂಬ ಗೆರೆಯನ್ನು ಎಳೆದರು. ಅದನ್ನು ಮೀರಿದ ಕೆಸರು ಸುಮಾರು 15 ಲಕ್ಷ ಘನ ಮೀಟರು! ಪಾದರಸವು ಮೂಲಧಾತು, ಕಾದರೆ ಕರಗಿಹೋಗುವ ವಸ್ತುವಲ್ಲ. ಆದುದರಿಂದ 1977ರಿಂದ 1990ರ ವರೆಗೆ ಕೊಲ್ಲಿಯ ಒಳಭಾಗಕ್ಕೆ ಕಟ್ಟೆ ಕಟ್ಟಿ, ಹೊರಗಿನ ಕೆಸರನ್ನು ಹೀರಿ ಅಲ್ಲಿ ತುಂಬಿ, ಮೇಲೆ ಶುದ್ಧ ಮಣ್ಣು ಹೊದಿಸಿದರು. ಹಾಗೆ ಎದ್ದ 58 ಹೆಕ್ಟೇರು ನೆಲದಲ್ಲಿ ಈಗ ಉದ್ಯಾನವಿದೆ. ಕೆಸರು ಅದರ ಅಡಿಯಲ್ಲಿಯೇ ಇದೆ.