ನುಸಿ ಅಂಟದ ಬಾಲ

1962ರಲ್ಲಿ ಎಂಜೊ ಫೆರಾರಿ ರಸ್ತೆಗಿಳಿಯುವ ಮೊದಲೇ ಕಾಗದದ ಮೇಲೆ ಒಂದು ಪಂದ್ಯ ಗೆದ್ದ. ಗ್ರ್ಯಾಂಡ್ ಟೂರಿಂಗ್ ಕಾರುಗಳ, ಅಂದರೆ ಜಿಟಿ ಕಾರುಗಳ ಓಟಕ್ಕೆ ಬರುವ ಕಂಪನಿ ಆ ಮಾದರಿಯ 100 ಕಾರುಗಳನ್ನಾದರೂ ಕಟ್ಟಿರಬೇಕೆಂಬ ನಿಯಮವಿತ್ತು. ರೇಸಿಗೆಂದೇ ಹುಟ್ಟಿದ ಕಾರನ್ನು ಯಾರೂ ಊರಾಡುವ ಕಾರೆಂದು ನಂಬಿಸಿ ತರಬಾರದು ಎಂಬುದು ಅದರ ಉದ್ದೇಶ. ಫೆರಾರಿ ಕಟ್ಟಿದ 250 ಜಿಟಿಒ ಕಾರುಗಳ ಸಂಖ್ಯೆ 40ನ್ನೂ ಮುಟ್ಟಲಿಲ್ಲ. ಇದು ಹೊಸ ಕಾರೇ ಅಲ್ಲ, ಹಳೆಯ 250 ಜಿಟಿಗೆ ಹೊಸ ಅಂಗಿ ತೊಡಿಸಿದ್ದೇನೆ ಅಷ್ಟೇ ಎಂಬ ವಾದವನ್ನು ಅಧಿಕಾರಿಗಳು ಒಪ್ಪಿಬಿಟ್ಟರು. ಮುಂದಿನ ಮೂರು ವರ್ಷ ಜಿಟಿ ಓಟಗಳಲ್ಲಿ ಫೆರಾರಿಯದೇ ದರ್ಬಾರು.

ಇದರ ನಡುವೆ 1963ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಫೆರಾರಿ ಕಾರ್ಖಾನೆಯನ್ನೇ ಕೊಳ್ಳಲು ಹೋಯಿತು. ಮಾತುಕತೆ ಮುಗಿದು ಸಹಿ ಬೀಳುವ ಹೊತ್ತಿಗೆ ಎಂಜೊ ಕೈಕೊಟ್ಟ. ಎರಡನೆಯ ಹೆನ್ರಿ ಫೋರ್ಡ್ ಹಟಕ್ಕೆ ಬಿದ್ದ. ಫ್ರಾನ್ಸಿನ ಲ ಮಾನ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ 24 ತಾಸಿನ ಓಟದಲ್ಲಿ ಫೆರಾರಿಗೆ ಮಣ್ಣು ಮುಕ್ಕಿಸುವುದೊಂದೇ ಅವನ ಗುರಿಯಾಯಿತು. 40 ಇಂಚು ಎತ್ತರದ ಜಿಟಿ40 ಹುಟ್ಟಿದ್ದು ಆ ಸಿಟ್ಟಿನಿಂದ. 1964ರಲ್ಲಿ ಅದು ಸೋತಿತು, 1965ರಲ್ಲೂ ಸೋತಿತು. 1966ರಲ್ಲಿ ಮೊದಲ ಮೂರೂ ಸ್ಥಾನಗಳನ್ನು ಬಾಚಿಕೊಂಡಿತು. ಇಬ್ಬರು ಶ್ರೀಮಂತರ ಈ ಜಗಳವನ್ನು ಜಗತ್ತು ಇಂದಿಗೂ ಚಪ್ಪರಿಸುತ್ತದೆ. ಆದರೆ ಆ ದಶಕದ ನಿಜವಾದ ಒಗಟು ಇವರಿಬ್ಬರ ಮನೆಯಲ್ಲಿರಲಿಲ್ಲ. ಅದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಅಲ್ಲಿಯವರೆಗೆ ಹೆಚ್ಚಾಗಿ ಸಣ್ಣ ಎಂಜಿನ್ನಿನ ಕಾರುಗಳಿಂದ ಸಣ್ಣ ವಿಭಾಗದ ಬಹುಮಾನ ಪಡೆದು ಸುಮ್ಮನಿರುತ್ತಿದ್ದ ಪೋರ್ಷೆ ಕಂಪನಿಯಲ್ಲಿ ತಲೆ ಎತ್ತಿತು.

ವೇಗ ಮಿತಿಮೀರುತ್ತಿದೆ ಎಂದು ಹೆದರಿದ ಅಧಿಕಾರಿಗಳು 1968ರಿಂದ ಪ್ರಯೋಗಾತ್ಮಕ ಕಾರುಗಳ ಎಂಜಿನ್ನನ್ನು 3 ಲೀಟರಿಗೆ ಇಳಿಸಿದರು. 50 ಕಾರು ಕಟ್ಟಿ ತೋರಿಸಿದವರಿಗೆ ಮಾತ್ರ 5 ಲೀಟರಿನವರೆಗೆ ಅವಕಾಶವಿತ್ತು. ಆಮೇಲೆ ಆ 50ನ್ನು 25ಕ್ಕೆ ತಂದರು. ಹಳೆಯ ಫೋರ್ಡುಗಳು ಇನ್ನೆರಡು ವರ್ಷ ಓಡಿಕೊಂಡಿರಲಿ ಎಂಬ ಉದಾರತೆ ಅದು. ಹೊಸದಾಗಿ 25 ಕಾರು ಕಟ್ಟುವ ಹುಚ್ಚು ಯಾರಿಗೂ ಇರಲಾರದು ಎಂದು ಅವರು ನಂಬಿದ್ದರು. ಸಂಸ್ಥಾಪಕ ಫರ್ಡಿನಂಡ್ ಪೋರ್ಷೆಯ ಮಗಳ ಮಗ, 31ರ ಹರೆಯದ ಫರ್ಡಿನಂಡ್ ಪೀಯೆಶ್ ಆ ಅಧಿಕಾರಿಗಳ ಲೆಕ್ಕದಲ್ಲಿ ಇರಲಿಲ್ಲ.

ಹಾನ್ಸ್ ಮೆಟ್ಜ್‌ಗರ್ ಎಂಬ ಎಂಜಿನಿಯರು ಅವನಿಗೆ 12 ಸಿಲಿಂಡರಿನ, ಗಾಳಿಯಿಂದಲೇ ತಣಿಯುವ 4.5 ಲೀಟರಿನ ಎಂಜಿನ್ ಮಾಡಿಕೊಟ್ಟ. ಕಾರಿಗೆ 917 ಎಂಬ ಹೆಸರಾಯಿತು. 1969ರ ಮಾರ್ಚ್‌ನಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳಿಗೆ ಪೂರ್ತಿಯಾಗಿ ಕಂಡದ್ದು ಮೂರೇ ಕಾರು. ಉಳಿದವು ಅರ್ಧಂಬರ್ಧ ಜೋಡಣೆಯಲ್ಲಿದ್ದವು, ಕೆಲವು ಇನ್ನೂ ಬಿಡಿಭಾಗಗಳ ರಾಶಿ. ಹೇಗೂ ರೇಸಿಗೆ ಮೊದಲು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕು, ಈಗಲೇ ಯಾಕೆ ಜೋಡಿಸಬೇಕು ಎಂದು ಪೋರ್ಷೆಯವರು ಮೊಂಡುವಾದ ಹೂಡಿದರು. ಅಧಿಕಾರಿಗಳು ಕದಲಲಿಲ್ಲ. ಕಾರ್ಖಾನೆಯಲ್ಲಿ ಕೈ ಖಾಲಿ ಇದ್ದವರಿಗೆಲ್ಲ, ಕಚೇರಿಯ ಸಿಬ್ಬಂದಿಯನ್ನೂ ಬಿಡದೆ, ಸ್ಪ್ಯಾನರ್ ಹಿಡಿಸಲಾಯಿತು. ಏಪ್ರಿಲ್‌ನಲ್ಲಿ ಅಂಗಳದಲ್ಲಿ 25 ಕಾರುಗಳು ಸಾಲಾಗಿ ನಿಂತವು. ಬೇಕಾದ ಕಾರನ್ನು ಓಡಿಸಿ ನೋಡಿ ಎಂದು ಪೀಯೆಶ್ ಆಹ್ವಾನವಿತ್ತ. ಅಧಿಕಾರಿಗಳು ಬೇಡವೆಂದರು. ಓಡಿಸಿದ್ದರೆ ಅವುಗಳಲ್ಲಿ ಎಷ್ಟೋ ಕಾರು ಕಾಂಪೌಂಡಿನ ಗೇಟು ದಾಟುತ್ತಿರಲಿಲ್ಲ.

ಓಡುವಂತೆ ಮಾಡಿದ ಮೇಲೆ ಬೇರೆಯೇ ಕಷ್ಟ ಶುರುವಾಯಿತು. ತೂಕ ಉಳಿಸಲು ಕಾರಿನ ಹಂದರವನ್ನು ಅಲ್ಯುಮಿನಿಯಂ ಕೊಳವೆಗಳಿಂದ ಹೆಣೆದಿದ್ದರು. ಎಲ್ಲಾದರೂ ಬಿರುಕು ಬಿಟ್ಟರೆ ಗೊತ್ತಾಗಲೆಂದು ಕೊಳವೆಗಳೊಳಗೆ ಒತ್ತಡದ ಗಾಳಿ ತುಂಬಿದ್ದರು. ಗೇರ್ ಗುಂಡಿಯೂ ಹಗುರವಾದ ಬಾಲ್ಸಾ ಮರದ್ದು. ಚಾಲಕನ ಪಾದಗಳು ಮುಂದಿನ ಗಾಲಿಗಳ ಅಚ್ಚಿಗಿಂತಲೂ ಮುಂದೆ ಚಾಚಿರುತ್ತಿದ್ದವು. ಡಿಕ್ಕಿಯಾದರೆ ಏನಾಗಬಹುದೆಂದು ಯೋಚಿಸದಿದ್ದರೇ ಕ್ಷೇಮ. ಇದನ್ನೆಲ್ಲ ಆ ಕಾಲದ ಚಾಲಕರು ಸಹಿಸಿಕೊಳ್ಳುತ್ತಿದ್ದರು. ಸಹಿಸಲಾಗದ್ದು ಕಾರಿನ ಅಲೆದಾಟ. ವೇಗ ಏರಿದಂತೆ 917 ನೇರ ರಸ್ತೆಯಲ್ಲೂ ಒಂದಂಚಿನಿಂದ ಇನ್ನೊಂದಂಚಿಗೆ ವಾಲುತ್ತ ಹೋಗುತ್ತಿತ್ತು. ತಿರುವಿಗೆ ಮುಂಚೆ ಬ್ರೇಕ್ ಒತ್ತಿದರೆ ಹಿಂಭಾಗ ತನ್ನ ಪಾಡಿಗೆ ತಾನು ಹೊರಡುತ್ತಿತ್ತು.

ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಪೋರ್ಷೆ ಚಾಲಕ ಜೋ ಸಿಫರ್ಟ್ ಇದನ್ನು ಒಲ್ಲೆನೆಂದು ಕಂಪನಿಯ ಹಳೆಯ 908 ಕಾರನ್ನೇ ಹತ್ತಿದ. ಗೆರ್‌ಹಾರ್ಡ್ ಮಿಟ್ಟರ್ ಓಡಿಸಿದ 917 ಮೊದಲ ಸುತ್ತಿನಲ್ಲೇ ಕೆಟ್ಟು ನಿಂತಿತು. ಮುಂದಿನ ಓಟ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ. ಕಾಡಿನ ನಡುವಿನ ಆ ಅಂಕುಡೊಂಕು ದಾರಿಯಲ್ಲಿ ಇದನ್ನು ಓಡಿಸಲು ಕಂಪನಿಯ ಸ್ವಂತ ಚಾಲಕರೇ ಹಿಂದೆ ಸರಿದರು. ಹೊರಗಿನಿಂದ ಕರೆಸಿದ ಡೇವಿಡ್ ಪೈಪರ್ ಮತ್ತು ಫ್ರ್ಯಾಂಕ್ ಗಾರ್ಡನರ್ ಹೇಗೋ ಕಾರನ್ನು ಉರುಳಿಸದೆ ಎಂಟನೆಯ ಸ್ಥಾನಕ್ಕೆ ತಂದು ನಿಲ್ಲಿಸಿದರು.

ಜೂನ್ 14ರಂದು ಲ ಮಾನ್ ಓಟ ಶುರುವಾಯಿತು. ಮೊದಲ ಸುತ್ತು ಮುಗಿಯುವ ಮೊದಲೇ, ಸ್ವಂತ ದುಡ್ಡಿನಿಂದ 917 ಕೊಂಡಿದ್ದ ಬ್ರಿಟಿಷ್ ಚಾಲಕ ಜಾನ್ ವೂಲ್ಫ್ ಅಪಘಾತದಲ್ಲಿ ತೀರಿಕೊಂಡ. ಆದರೂ ಓಟ ನಿಲ್ಲಲಿಲ್ಲ. ವಿಕ್ ಎಲ್‌ಫರ್ಡ್ ಮತ್ತು ರಿಚರ್ಡ್ ಆಟ್‌ವುಡ್ ತಮ್ಮ 917ರ ಚಕ್ರವನ್ನು ಬಿಗಿಹಿಡಿದು ರಾತ್ರಿಯಿಡೀ ಮುನ್ನಡೆ ಕಾಯ್ದುಕೊಂಡರು. ಇನ್ನು ಮೂರು ತಾಸು ಬಾಕಿ ಎನ್ನುವಾಗ ಆ ಕಾರೂ ಕೈಕೊಟ್ಟಿತು. ಕೊನೆಗೆ ಕಣದಲ್ಲಿ ಉಳಿದದ್ದು ಹಾನ್ಸ್ ಹೆರ್‌ಮಾನ್‌ನ ಪೋರ್ಷೆ 908 ಮತ್ತು ಬೆಲ್ಜಿಯಂನ ಯುವಕ ಜ್ಯಾಕಿ ಇಕ್ಸ್‌ನ ಫೋರ್ಡ್ ಜಿಟಿ40. 24 ತಾಸು ಓಡಿದ ಮೇಲೆ ಇಕ್ಸ್ ಗೆದ್ದದ್ದು ಸುಮಾರು 120 ಮೀಟರ್ ಅಂತರದಲ್ಲಿ. ಹಿಂದಿನ ವರ್ಷ ಗೆದ್ದಿದ್ದ ಅದೇ ಮುದಿ ಕಾರು ಮತ್ತೆ ಗೆದ್ದಿತ್ತು. ಅದನ್ನು ಸಾಕಿ ಓಡಿಸಿದ್ದು ಫೋರ್ಡ್ ಕಂಪನಿಯೂ ಅಲ್ಲ, ಜಾನ್ ವಾಯರ್ ಎಂಬ ಇಂಗ್ಲಿಷ್ ಮುಖ್ಯಸ್ಥನ ಪುಟ್ಟ ತಂಡ.

ಪೀಯೆಶ್ ಸಿಟ್ಟಿನ ಮನುಷ್ಯನಾದರೂ ಮೂರ್ಖನಲ್ಲ. ಸೋಲಿಸಿದವನನ್ನು ದ್ವೇಷಿಸುತ್ತ ಕೂರುವ ಬದಲು ಕೆಲಸಕ್ಕೆ ಕರೆದ. 1970ರಿಂದ ಪೋರ್ಷೆಯ 917ಗಳನ್ನು ರೇಸಿಗೆ ಇಳಿಸುವ ಹೊಣೆ ಜಾನ್ ವಾಯರ್ ತಂಡಕ್ಕೆ ಎಂದು ಒಪ್ಪಂದವಾಯಿತು. 1969ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದ ಜೆಲ್ಟ್‌ವೆಗ್ ಬಳಿಯ ಹೊಸ ಟ್ರ್ಯಾಕಿನಲ್ಲಿ ಸಿಫರ್ಟ್ ಮತ್ತು ಕುರ್ಟ್ ಆರೆನ್ಸ್ 917ಕ್ಕೆ ಮೊದಲ ಗೆಲುವು ತಂದಿದ್ದರು, ನಿಜ. ಆದರೆ ಓಡಿಸಿದವರ ಭಯ ಕಡಿಮೆಯಾಗಿರಲಿಲ್ಲ. ಹೊಸ ತಂಡ ಅಕ್ಟೋಬರ್‌ನಲ್ಲಿ ಅದೇ ಜೆಲ್ಟ್‌ವೆಗ್‌ಗೆ ಪರೀಕ್ಷೆಗೆ ಬಂದಿಳಿಯಿತು. ಒಂದು ಕಡೆ ಜರ್ಮನ್ ಎಂಜಿನಿಯರುಗಳು, ಇನ್ನೊಂದು ಕಡೆ ನಾಲ್ಕು ತಿಂಗಳ ಹಿಂದಷ್ಟೇ ಅವರನ್ನು ಸೋಲಿಸಿದ್ದ ಇಂಗ್ಲಿಷರು. ಬೀಗರ ಮನೆಯ ಮೊದಲ ಊಟದಂತೆ ಬಲು ಮರ್ಯಾದೆಯಿಂದ ಕೆಲಸ ಶುರುವಾಯಿತು.

ರೋಗ ಕೆಳಗಿದೆ ಎಂದು ಪೋರ್ಷೆಯವರು ನಂಬಿದ್ದರು. ಸಸ್ಪೆನ್ಶನ್, ಸ್ಪ್ರಿಂಗು, ಟೈರು, ಇವುಗಳಲ್ಲೇ ಎಲ್ಲೋ ಐಬು ಇರಬೇಕು. ಸ್ಪ್ರಿಂಗು ಬದಲಿಸಿದರು, ಗಾಲಿಗಳ ಓರೆ ತಿದ್ದಿದರು, ಟೈರು ಬೇರೆ ಹಾಕಿದರು. ಚಾಲಕರಾದ ಬ್ರಯನ್ ರೆಡ್‌ಮನ್ ಮತ್ತು ಆರೆನ್ಸ್ ಸರದಿಯಲ್ಲಿ ಹೋಗಿ ಕೆಲವೇ ಸುತ್ತುಗಳಲ್ಲಿ ಮುಖ ಸಣ್ಣದು ಮಾಡಿಕೊಂಡು ಮರಳುತ್ತಿದ್ದರು. ಒಂದು ಬದಲಾವಣೆ ಚೂರು ಗುಣ ತೋರಿಸಿದರೆ ಇನ್ನೊಂದು ಅದನ್ನು ಅಳಿಸುತ್ತಿತ್ತು. ಇಡೀ ಕಾರ್ಖಾನೆ ತಿಂಗಳುಗಟ್ಟಲೆ ಕಾರಿನ ಹೊಟ್ಟೆಯಡಿ ತೂರಿ ಹುಡುಕಿದರೂ ಸಿಗದ ಉತ್ತರ ಈ ತಂಡಕ್ಕೂ ಸಿಗುವ ಲಕ್ಷಣ ಕಾಣಲಿಲ್ಲ.

ವಾಯರ್ ತಂಡದ ಮುಖ್ಯ ಎಂಜಿನಿಯರ್ ಜಾನ್ ಹಾರ್ಸ್‌ಮನ್, ಟ್ರ್ಯಾಕಿನ ಪಕ್ಕದ ದುರಸ್ತಿ ಜಾಗವಾದ ಪಿಟ್‌ನಲ್ಲಿ ನಿಂತಿದ್ದ ಕಾರನ್ನು ಸುತ್ತು ಹಾಕುತ್ತಿದ್ದ. ಆಲ್ಪ್ಸ್ ತಪ್ಪಲಿನ ಹುಲ್ಲುಗಾವಲುಗಳಲ್ಲಿ ಆ ದಿನಗಳಲ್ಲಿ ನುಸಿಯ ಕಾಟ. ಕಾರಿನ ಮೂತಿಯ ಮೇಲೆ, ಗಾಜಿನ ಮೇಲೆ ನುಸಿ ಅಪ್ಪಳಿಸಿ ಸತ್ತು ಚುಕ್ಕೆ ಚುಕ್ಕೆಯಾಗಿ ಅಂಟಿತ್ತು. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಕಡೆ ಅಕ್ಟೋಬರ್‌ನಲ್ಲಿ, ಕಾಲುವೆ ನೀರಿನ ಭತ್ತ ತೆನೆಗಟ್ಟುವ ಹೊತ್ತಿಗೆ, ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಸಂಜೆ ಬೈಕಿನಲ್ಲಿ ಹೊರಟವನಿಗೂ ಇದೇ ಗತಿ. ಹೆಡ್‌ಲೈಟು, ಕನ್ನಡಕ, ಅಂಗಿಯ ಎದೆ, ಎಲ್ಲ ಕಡೆ ಹುಳವೇ ಹುಳ. ಹಿಂದೆ ಕುಳಿತವನ ಬೆನ್ನಿಗೆ ಮಾತ್ರ ಒಂದೂ ಅಂಟಿರುವುದಿಲ್ಲ. ಅದು ಯಾಕೆಂದು ಯಾರೂ ಕೇಳುವುದಿಲ್ಲ, ಮುಖ ತೊಳೆದು ಮಲಗುತ್ತಾರೆ.

ಹಾರ್ಸ್‌ಮನ್ ಅಷ್ಟಕ್ಕೆ ಬಿಡಲಿಲ್ಲ. ಅವನ ಕಣ್ಣು ನುಸಿ ಇದ್ದ ಜಾಗದಿಂದ ಇಲ್ಲದ ಜಾಗಕ್ಕೆ ಹರಿಯಿತು. ಕಾರಿನ ತುದಿಯಲ್ಲಿ, ಹಿಂಭಾಗವನ್ನು ನೆಲಕ್ಕೆ ಒತ್ತಿಹಿಡಿಯಲೆಂದೇ ಕೂರಿಸಿದ್ದ ಸ್ಪಾಯ್ಲರ್ ಪಟ್ಟಿಗಳು ತೊಳೆದಿಟ್ಟಷ್ಟು ಶುಭ್ರವಾಗಿದ್ದವು. ಒಂದೇ ಒಂದು ನುಸಿ ಅಲ್ಲಿಗೆ ತಲುಪಿರಲಿಲ್ಲ. ನುಸಿಯನ್ನು ಹೊತ್ತು ತರುವುದು ಗಾಳಿ. ಅಂದರೆ ಗಾಳಿಯೂ ತಲುಪಿರಲಿಲ್ಲ.

ಜರ್ಮನ್ನರೊಡನೆ ವಾದಕ್ಕೆ ಕೂತರೆ ದಿನ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಎರ್ಮಾನೊ ಕುವೋಗಿ, ಪೀಟರ್ ಡೇವಿಸ್ ಎಂಬ ತನ್ನ ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆದ. ಅಲ್ಯುಮಿನಿಯಂ ತಗಡು, ತಗಡು ಕತ್ತರಿ, ರಿವೆಟ್ಟು, ಟೇಪು, ಇಷ್ಟೇ ಸರಂಜಾಮು. ಇಳಿಜಾರಾಗಿದ್ದ ಬಾಲದ ಮೇಲೆ, ಚಾವಣಿಯ ಮಟ್ಟದಿಂದ ಹಿಂದಿನ ತುದಿಯವರೆಗೆ ಎತ್ತರಿಸಿದ ಹೊಸ ಹೊದಿಕೆಯೊಂದನ್ನು ಅಲ್ಲೇ ಪಿಟ್‌ನಲ್ಲಿ ಕತ್ತರಿಸಿ ಬಾಗಿಸಿ ಬಿಗಿದರು. ಗಾಳಿ ಸುರಂಗದಲ್ಲಿ ತಿದ್ದಿ ತೀಡಿದ್ದ ನುಣುಪಾದ ಮೈಗೆ ಗುಜರಿ ಅಂಗಡಿಯ ತೇಪೆ. ಅಂದಗೆಟ್ಟ ಆ ಕಾರನ್ನು ರೆಡ್‌ಮನ್ ಹತ್ತಿ ಹೊರಟ.

ಎಂದಿನಂತೆ ಬೇಗ ಮರಳುತ್ತಾನೆಂದು ಎಲ್ಲರೂ ಕಾದರು. ಅವನು ಬರಲಿಲ್ಲ. ಎದುರಿನಿಂದ ಸದ್ದು ಮಾಡುತ್ತ ಹಾದುಹೋದ, ಮತ್ತೆ ಹಾದುಹೋದ, ಇನ್ನೊಮ್ಮೆ. ಗಡಿಯಾರ ಹಿಡಿದವರ ಮುಖ ನೋಡಿದವರಿಗೆ ಬೇರೆ ಸುದ್ದಿ ಬೇಕಿರಲಿಲ್ಲ. ಕೊನೆಗೆ ಕಾರು ನಿಲ್ಲಿಸಿದ ರೆಡ್‌ಮನ್, ಈಗ ಇದು ರೇಸಿನ ಕಾರಾಯಿತು ಎಂಬರ್ಥದ ಮಾತಾಡಿದ. ಒಂದೊಂದು ಸುತ್ತಿಗೆ ಹಲವು ಸೆಕೆಂಡು ಉಳಿದಿತ್ತು. ಪೋರ್ಷೆಯವರು ಅಹಂಕಾರ ಬದಿಗಿಟ್ಟು ಆ ತೇಪೆಯ ಆಕಾರವನ್ನೇ ಅಚ್ಚುಕಟ್ಟಾಗಿ ತಯಾರಿಸಿ 917ಕೆ, ಅಂದರೆ ಗಿಡ್ಡಬಾಲದ 917, ಎಂದು ಹೊರತಂದರು.

ನುಸಿ ಬಿಚ್ಚಿಟ್ಟ ಗುಟ್ಟು ಚಿಕ್ಕದು. ಲ ಮಾನ್‌ನ ಉದ್ದನೆಯ ನೇರ ರಸ್ತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು, ಗಾಳಿ ಎಲ್ಲೂ ತಡೆಯದಿರಲೆಂದು ಬಾಲವನ್ನು ಇಳಿಜಾರಾಗಿ ಎಳೆದಿದ್ದರು. ಚಾವಣಿ ದಾಟಿದ ಗಾಳಿ ಆ ಇಳಿಜಾರನ್ನು ಹಿಡಿದು ಕೆಳಗಿಳಿಯದೆ ಮೇಲಿನಿಂದಲೇ ಹಾರಿಹೋಗುತ್ತಿತ್ತು. ಸ್ಪಾಯ್ಲರ್ ಪಟ್ಟಿಗಳು ಸತ್ತ ಗಾಳಿಯಲ್ಲಿ ಸುಮ್ಮನೆ ಕೂತಿದ್ದವು. ಒತ್ತುವವರಿಲ್ಲದ ಹಿಂಭಾಗ ವೇಗ ಏರಿದಷ್ಟೂ ನೆಲದಿಂದ ಹಗುರಾಗುತ್ತಿತ್ತು, ಟೈರುಗಳಿಗೆ ಹಿಡಿತ ತಪ್ಪುತ್ತಿತ್ತು. ಎತ್ತರಿಸಿದ ತಗಡು ಗಾಳಿಯನ್ನು ಎದುರುಗೊಂಡಿತು, ಗಾಳಿ ಅದನ್ನು ಕೆಳಕ್ಕೆ ಒತ್ತಿತು. ಗಾಳಿಯ ತಡೆ ಹೆಚ್ಚಿ ನೇರ ರಸ್ತೆಯ ಗರಿಷ್ಠ ವೇಗ ಇಳಿದದ್ದು ಅದಕ್ಕೆ ತೆತ್ತ ಬೆಲೆ.

ಈ ಬೆಲೆ ಸ್ಟುಟ್‌ಗಾರ್ಟ್‌ನವರಿಗೆ ಕೊನೆವರೆಗೂ ಚುಚ್ಚುತ್ತಿತ್ತು. ಅರ್ಧ ಪಾಲನ್ನು ಫಿಯಟ್‌ಗೆ ಮಾರಿದ ಫೆರಾರಿ ತಾನೂ 25 ಹೊಸ ಕಾರು ಕಟ್ಟಿ, 512 ಎಸ್ ಎಂದು ಹೆಸರಿಟ್ಟು ಕಣಕ್ಕಿಳಿದಿದ್ದರಿಂದ 1970ರ ಲ ಮಾನ್‌ಗೆ ಪೋರ್ಷೆ ಮತ್ತೆ ಹೊಸದೊಂದು ಉದ್ದಬಾಲ ತಯಾರಿಸಿತು. ಅಭ್ಯಾಸದಲ್ಲಿ ಎಲ್ಲರಿಗಿಂತ ವೇಗವಾಗಿ ಸುತ್ತಿದ್ದು ಎಲ್‌ಫರ್ಡ್ ಓಡಿಸಿದ ಆ ಉದ್ದಬಾಲವೇ, 3 ನಿಮಿಷ 19.8 ಸೆಕೆಂಡಿನಲ್ಲಿ. ಓಟದ ದಿನ ಮಳೆ ಹಿಡಿಯಿತು. ಎಲ್‌ಫರ್ಡ್‌ನ ಕಾರು ನಡುವೆಯೇ ನಿಂತಿತು. ಬಾಲ ಕಂಡುಹಿಡಿದ ವಾಯರ್ ತಂಡದ ಮೂರು ಕಾರುಗಳೂ ಒಂದೊಂದಾಗಿ ಹೊರಬಿದ್ದವು. ಪೋರ್ಷೆಗೆ ಲ ಮಾನ್‌ನ ಮೊದಲ ಪೂರ್ಣ ಗೆಲುವು ತಂದದ್ದು ಪೀಯೆಶ್‌ನ ತಾಯಿ ಲೂಯಿಸೆ ನಡೆಸುತ್ತಿದ್ದ ಆಸ್ಟ್ರಿಯಾ ಸಂಸ್ಥೆಯ ಕೆಂಪು ಬಿಳಿ ಬಣ್ಣದ ಗಿಡ್ಡಬಾಲದ ಕಾರು. ಅದು ಓಟ ಶುರುಮಾಡಿದ್ದು 15ನೆಯ ಸ್ಥಾನದಿಂದ. ಅದರ ಚಾಲಕರಲ್ಲೊಬ್ಬ ಹಿಂದಿನ ವರ್ಷ ಮುನ್ನಡೆಯಲ್ಲಿದ್ದೂ ಕಾರು ಕೆಟ್ಟು ಕೈಚೆಲ್ಲಿದ್ದ ಆಟ್‌ವುಡ್. ಇನ್ನೊಬ್ಬ 120 ಮೀಟರಿನಿಂದ ಸೋತಿದ್ದ ಹೆರ್‌ಮಾನ್. ಗೆದ್ದರೆ ರೇಸು ಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ ಅವನು ಆ ಓಟದೊಂದಿಗೇ ನಿವೃತ್ತನಾದ.